ಹನ್ನೊಂದು ವರ್ಷದ ಕೈಬಲೆ

ಏಪ್ರಿಲ್ ತಿಂಗಳಿಡೀ ಡಿಂಪ್ನಾ ಮ್ಯಾನಿಯನ್ ತನ್ನ ಸ್ನಾನದ ತೊಟ್ಟಿಯಲ್ಲಿ ಮೀನು ಹಿಡಿದಳು.

ಮೀನು ಎಂದರೆ ಬಿಸಿನೀರಿನ ರಬ್ಬರ್ ಚೀಲ, ಚಳಿಯಲ್ಲಿ ಕಾಲಬುಡಕ್ಕೆ ಇಟ್ಟುಕೊಂಡು ಮಲಗುವಂಥದ್ದು. ಅದರಲ್ಲಿ ಮುಕ್ಕಾಲು ನೀರು ತುಂಬಿ, ಬಿರಡೆಗೆ ದಾರ ಕಟ್ಟಿ, ತೊಟ್ಟಿಯ ಆ ತುದಿಯಿಂದ ಈ ತುದಿಗೆ ಎಡಗೈಯಲ್ಲಿ ಎಳೆಯುವುದು. ಬಲಗೈಯಲ್ಲಿ ಉದ್ದ ಹಿಡಿಯ ಕೈಬಲೆ. ಬಲೆಯನ್ನು ನೀರಿನೊಳಗೆ ಮುಳುಗಿಸಿ ಅಲುಗಾಡಿಸದೆ ಹಿಡಿದಿರಬೇಕು. ಚೀಲ ತಾನಾಗಿ ಬಲೆಯ ಮೇಲೆ ಬರಬೇಕು. ಬಂದ ಮೇಲೆ ಎತ್ತಬೇಕು, ಅದಕ್ಕೆ ಮೊದಲು ಅಲ್ಲ. ಮೂವತ್ತನಾಲ್ಕು ವರ್ಷ ಅಂಚೆಕಚೇರಿಯ ಕಿಟಕಿಯ ಹಿಂದೆ ಕೂತು ಊರಿನವರ ಪಾರ್ಸಲ್ಲುಗಳನ್ನು ತೂಗಿದ್ದ ಹೆಂಗಸು ಅರವತ್ತೆಂಟನೆಯ ವಯಸ್ಸಿನಲ್ಲಿ ಬಚ್ಚಲುಮನೆಯ ನೆಲದ ಮೇಲೆ ಮಂಡಿಯೂರಿ, ಉಸಿರು ಬಿಗಿಹಿಡಿದು, ಒಂದು ಕೆಂಪು ಚೀಲವನ್ನು ಹೊಂಚುತ್ತಿದ್ದಳು. ತನ್ನನ್ನು ಯಾರಾದರೂ ನೋಡಿದರೆ ಏನೆಂದುಕೊಂಡಾರು ಎಂಬುದು ಅವಳಿಗೆ ಗೊತ್ತಿತ್ತು. ಅದಕ್ಕೇ ಮುಂಬಾಗಿಲಿಗೆ ಚಿಲಕ ಹಾಕುತ್ತಿದ್ದಳು. ಹಿತ್ತಲ ಬಾಗಿಲು ಮಾತ್ರ ಮರೆತುಹೋಗುತ್ತಿತ್ತು.

ಹಾಗಾಗಿ ಒಂದು ದಿನ ತಮ್ಮ ಫೆಸ್ಟಿಯ ಹೆಂಡತಿ ನೊರೀನ್ ಪಾತ್ರೆ ಹಿಂದಿರುಗಿಸಲು ಬಂದವಳು ಬಚ್ಚಲುಮನೆಯ ಬಾಗಿಲಲ್ಲಿ ನಿಂತುಬಿಟ್ಟಳು.

"ಚೀಲ ಸೋರ್ತಾ ಇದೆಯೇನೋ ಅಂತ ನೋಡ್ತಾ ಇದ್ದೆ" ಎಂದಳು ಡಿಂಪ್ನಾ, ಏಳದೆ.

"ಬಲೆ ಹಾಕಿ?" ಎಂದಳು ನೊರೀನ್.

"ಸೋರಿದ್ರೆ ಹಿಡಿಯೋಕೆ."

ನೊರೀನ್ ಪಾತ್ರೆಯನ್ನು ಅಡುಗೆಮನೆಯಲ್ಲಿಟ್ಟು, ಬಂದ ದಾರಿಯಲ್ಲೇ ಹೋದಳು. ಅವಳು ಬಾಯಿ ಬಿಡುವ ಪೈಕಿ ಅಲ್ಲ ಎಂದು ಡಿಂಪ್ನಾ ಸಮಾಧಾನ ಮಾಡಿಕೊಂಡಳು. ಜನರನ್ನು ಅಳೆಯುವುದರಲ್ಲಿ ತನಗೆ ಒಳ್ಳೆಯ ಹೆಸರಿದೆ ಎಂದು ಅವಳ ಭಾವನೆ.

ಇಷ್ಟೆಲ್ಲ ಯಾಕೆ ಎಂದರೆ, ಅದಕ್ಕೆ ದೋಣಿಯ ವಿಷಯ ಹೇಳಬೇಕು.

ಕೊರಿಬ್ ಸರೋವರದ ಪಶ್ಚಿಮ ದಡದಲ್ಲಿ ಡಿಂಪ್ನಾಳ ಅಪ್ಪ ತಾನೇ ಕಟ್ಟಿದ ಹತ್ತೊಂಬತ್ತು ಅಡಿಯ ಮರದ ದೋಣಿಯೊಂದಿತ್ತು. ಸಾಯುವ ಮುಂಚೆ ಮಕ್ಕಳಿಬ್ಬರನ್ನೂ ಕರೆದು, ದೋಣಿಯ ಮೂತಿ ಡಿಂಪ್ನಾಗೆ, ಹಿಂಬದಿ ಫೆಸ್ಟಿಗೆ ಎಂದು ಪಾಲು ಮಾಡಿದ್ದ. ನಡುವಿನ ಹಲಗೆ ಊಟದ ಬುಟ್ಟಿ ಇಡುವುದಕ್ಕೆ. ಮದುವೆಯಾಗದ ಅಕ್ಕ, ಮೂರು ವರ್ಷಕ್ಕೆ ಚಿಕ್ಕವನಾದ ತಮ್ಮ, ಪ್ರತಿ ಮೇ ತಿಂಗಳಲ್ಲಿ ಮೇ-ನೊಣಗಳು ನೀರಿನಿಂದ ಏಳುವ ಹದಿನೈದು ಇಪ್ಪತ್ತು ದಿನ ತಮ್ಮ ತಮ್ಮ ಪಾಲಿನಲ್ಲಿ ಕೂತು ಗಾಳ ಹಾಕುತ್ತಿದ್ದರು. ಉಳಿದ ಹನ್ನೊಂದು ತಿಂಗಳು ಪೂಜೆಯ ನಂತರ ಚರ್ಚಿನ ಬಾಗಿಲಲ್ಲಿ "ಹೇಗಿದ್ದೀ" "ಇದ್ದೀನಿ" ಎಂದರೆ ಅದೇ ದೊಡ್ಡ ಮಾತು.

ಆ ನೀರಿನ ಮೇಲೆ ಒಂದು ಕಟ್ಟಳೆಯಿದೆ, ಯಾರೂ ಬರೆದದ್ದಲ್ಲ. ಇಬ್ಬರಲ್ಲಿ ಒಬ್ಬರಿಗೆ ದೊಡ್ಡ ಮೀನು ಸಿಕ್ಕಿತೆಂದರೆ ಇನ್ನೊಬ್ಬರು ಮರುಮಾತಾಡದೆ ತಮ್ಮ ದಾರ ಸುತ್ತಿಟ್ಟು ಕೈಬಲೆ ಎತ್ತಿಕೊಳ್ಳಬೇಕು. ಮೀನು ಆಡಿಸುವುದು ಒಬ್ಬರ ಕೆಲಸ, ಬಲೆಗೆ ಹಾಕುವುದು ಇನ್ನೊಬ್ಬರದು. ತಾನು ಹಿಡಿದ ಮೀನಿಗೆ ತಾನೇ ಬಲೆ ಹಾಕುವವನು ಜೊತೆಯವನ ಮುಖಕ್ಕೆ ಹೊಡೆದಂತೆ.

ಹನ್ನೊಂದು ವರ್ಷದ ಕೆಳಗೆ ಫೆಸ್ಟಿಗೆ ಒಂದು ಸಾಲ್ಮನ್ ಸಿಕ್ಕಿತ್ತು. ಟ್ರೌಟ್ ಹಿಡಿಯುವ ಸಣ್ಣ ಗಾಳಕ್ಕೆ ಬಂದ ಸಾಲ್ಮನ್, ಬೆಳ್ಳಿಯ ತಟ್ಟೆಯಂಥದ್ದು. ನಲವತ್ತು ನಿಮಿಷ ಆಡಿಸಿದ. ಮೀನು ದಣಿದು ದೋಣಿಯ ಪಕ್ಕ ಅಡ್ಡಬಿತ್ತು. ಡಿಂಪ್ನಾ ಬಲೆ ಹಿಡಿದು ಕಾಯುತ್ತಿದ್ದಳು. ಇನ್ನೆರಡು ಅಡಿ. ಆ ಎರಡು ಅಡಿ ಅವಳಿಂದ ತಾಳಲಾಗಲಿಲ್ಲ. ಮುಂದಕ್ಕೆ ಬಗ್ಗಿ ಬಲೆಯನ್ನು ಮೀನಿನ ಮೇಲೆ ಬೀಸಿದಳು, ಅದೂ ಕಣ್ಣು ಮುಚ್ಚಿಕೊಂಡು. ಬಲೆಯ ಕಬ್ಬಿಣದ ಬಳೆ ದಾರಕ್ಕೆ ಬಡಿಯಿತು. ಕಣ್ಣು ಬಿಟ್ಟಾಗ ನೀರಿನ ಮೇಲೆ ಗುಳ್ಳೆಗಳಿದ್ದವು.

ಫೆಸ್ಟಿ ಸಡಿಲಾದ ದಾರವನ್ನು ರೀಲಿಗೆ ಸುತ್ತಿಕೊಂಡ. ದಡಕ್ಕೆ ಬಂದ ಮೇಲೆ ಕೋಲ್ಮನ್‌ನ ಪಬ್ಬಿನಲ್ಲಿ ಯಾರೋ ಕೇಳಿದಾಗ, "ಗಾಳ ಸರಿಯಾಗಿ ಕಚ್ಚಿರ್ಲಿಲ್ಲ, ಬಿಟ್ಕೊಂಡ್ತು" ಎಂದ. ಡಿಂಪ್ನಾ ಆ ಮಾತಿಗೆ ತಲೆಯಾಡಿಸಿದಳು. ತಲೆಯಾಡಿಸಿದ ಮೇಲೆ ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಆ ಸಾಲ್ಮನ್ ಊರವರ ಬಾಯಲ್ಲಿ ಬೆಳೆಯುತ್ತ ಬೆಳೆಯುತ್ತ ಹದಿನೆಂಟು ಪೌಂಡಿಗೆ ಮುಟ್ಟಿತು. ಡಿಂಪ್ನಾಳ ಬಾಯಲ್ಲಿ ಮಾತ್ರ ಪ್ರತಿ ವರ್ಷ ಸವೆಯುತ್ತಿತ್ತು. ಹೋದ ಕ್ರಿಸ್ಮಸ್ಸಿನ ಹೊತ್ತಿಗೆ ಅವಳು ಅದನ್ನು ಆರು ಪೌಂಡಿಗೆ ತಂದು ನಿಲ್ಲಿಸಿದ್ದಳು. ಇನ್ನು ಹತ್ತು ವರ್ಷ ಬದುಕಿದರೆ ಅದನ್ನು ಮೊಟ್ಟೆಯೊಳಕ್ಕೇ ಸೇರಿಸುತ್ತಿದ್ದಳೋ ಏನೋ.

ಆದರೆ ಆ ದಿನದಿಂದ ಬಲೆಯ ಜಾಗ ಬದಲಾಯಿತು. ಅದು ಫೆಸ್ಟಿಯ ಎಡಗಾಲಿನ ಪಕ್ಕಕ್ಕೆ ಹೋಯಿತು. ತನ್ನ ಮೀನಿಗೆ ತಾನೇ ಬಲೆ ಹಾಕಿಕೊಂಡ. ಅವಳ ಮೀನಿಗೂ ಅವನೇ ಹಾಕಿದ. "ಬಲೆ" ಎಂಬ ಮಾತು ಆ ದೋಣಿಯಲ್ಲಿ ಹನ್ನೊಂದು ವರ್ಷ ಕೇಳಿಬರಲಿಲ್ಲ. ಡಿಂಪ್ನಾ ಕಾದಳು. ಕಾಯುವುದರಲ್ಲಿ ತನ್ನಂಥವಳಿಲ್ಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಮೀನು ಎರಡು ಅಡಿ ಹತ್ತಿರ ಬರುವವರೆಗೆ ಕಾಯಲಾರದವಳು ತಮ್ಮನ ಒಂದು ಮಾತಿಗೆ ಹನ್ನೊಂದು ವರ್ಷ ಕಾದಳು. ಅವಳಿಗೆ ಬೇಕಿದ್ದದ್ದು ಅಷ್ಟೇ, ತಮ್ಮ ಇನ್ನೊಮ್ಮೆ ಅವಳತ್ತ ತಿರುಗಿ "ಬಲೆ" ಎನ್ನಬೇಕು.

ಈ ವರ್ಷ ಫೆಬ್ರವರಿಯಲ್ಲಿ ಫೆಸ್ಟಿಯ ಎಡಭುಜಕ್ಕೆ ಆಪರೇಷನ್ ಆಯಿತು. "ಕೈ ಎದೆಯಿಂದ ಮೇಲಕ್ಕೆ ಏಳಲ್ಲ, ಚಾಚೋಕೂ ಆಗಲ್ಲ" ಎಂದು ನೊರೀನ್ ಫೋನಿನಲ್ಲಿ ಹೇಳಿದಳು. ಡಿಂಪ್ನಾ "ಅಯ್ಯೋ ಪಾಪ" ಎಂದಳು. ಫೋನ್ ಇಟ್ಟಾದ ಮೇಲೆ ತಾನು ನಗುತ್ತಿದ್ದೇನೆಂದು ಅವಳಿಗೆ ತಿಳಿದದ್ದು ಗೋಡೆಯ ಕನ್ನಡಿಯಿಂದ. ಚಾಚದ ಕೈಯಲ್ಲಿ ಬಲೆ ಹಿಡಿಯಲಾಗುವುದಿಲ್ಲ. ತಮ್ಮನ ಭುಜ ಕೆಟ್ಟಿತೆಂದು ಸಂತೋಷಪಡುವ ಅಕ್ಕ ಈ ಜಿಲ್ಲೆಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ಆ ವಾರ ಪಾಪನಿವೇದನೆಗೆ ಹೋದಾಗ ಪಾದ್ರಿಗೆ ಹೇಳೋಣವೆಂದುಕೊಂಡಳು. ಪಾದ್ರಿಯೂ ಗಾಳ ಹಾಕುವ ಮನುಷ್ಯ, ಅರ್ಥ ಮಾಡಿಕೊಂಡುಬಿಟ್ಟಾನು ಎಂದು ಹೆದರಿ ಸುಮ್ಮನಾದಳು.

ಆಮೇಲೆ ನೊರೀನಳಿಂದಲೇ ಬಲೆಯನ್ನು ತರಿಸಿಕೊಂಡಳು. "ಕಣ್ಣು ಹರಿದಿದೆ, ಹೊಲಿದು ಕೊಡ್ತೀನಿ" ಎಂದಳು. ಹೊಲಿದಳು. ಬಳೆಯ ತುಕ್ಕು ಉಜ್ಜಿದಳು. ಬಚ್ಚಲುಮನೆಯ ಅಭ್ಯಾಸ ನಡೆಸಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮೊದಲ ದಿನ ಹೊರಡುವ ಹಿಂದಿನ ಸಂಜೆ, ಹಿಡಿ ಹಳೆಯದಾಗಿ ಕಾಣುತ್ತದಲ್ಲ, ಫೆಸ್ಟಿ ನೋಡಿದಾಗ ಹೊಳೆಯಲಿ ಎಂದು ಒಂದು ಕೈ ವಾರ್ನಿಷ್ ಬಳಿದಳು. ಸಾಲದೆಂದು ಇನ್ನೊಂದು ಕೈ.

ಬೆಳಿಗ್ಗೆ ಮುಟ್ಟಿದರೆ ಅಂಟಂಟು. ಗಾಳಿಗೆ ಒಣಗಲೆಂದು ಹೊರಡುವ ಕ್ಷಣದವರೆಗೆ ದೋಣಿಮನೆಯ ಹೊರಗೋಡೆಯ ಮೊಳೆಗೆ ನೇತುಹಾಕಿದಳು.

ಫೆಸ್ಟಿ ಹತ್ತು ಗಂಟೆಗೆ ಬಂದ. ಎಡಗೈಯನ್ನು ಕೋಟಿನ ಜೇಬಿಗೆ ಸಿಕ್ಕಿಸಿಕೊಂಡಿದ್ದ, ಫೋಟೋ ತೆಗೆಸಿಕೊಳ್ಳುವವನ ಹಾಗೆ.

"ಗಾಳಿ ಚೆನ್ನಾಗಿದೆ" ಎಂದ.

"ಚೆನ್ನಾಗಿದೆ" ಎಂದಳು ಡಿಂಪ್ನಾ. "ನೀನು ಏನೂ ಮುಟ್ಟಬೇಡ. ಎಲ್ಲಾ ನಾನು ಹಾಕ್ತೀನಿ."

ಎಲ್ಲವನ್ನೂ ಹಾಕಿದಳು. ಚಹಾದ ಕೆಟಲ್, ಅದಕ್ಕೆ ಉರಿ ಹಾಕಲು ಒಣಪುರಳೆ, ಬೇಯಿಸಿದ ಮೊಟ್ಟೆ, ಸೋಡಾ ಬ್ರೆಡ್ಡು, ಬೆಣ್ಣೆ, ಉಪ್ಪಿನ ಪೊಟ್ಟಣ, ಜೀವಂತ ಮೇ-ನೊಣಗಳ ಮರದ ಪೆಟ್ಟಿಗೆ, ಫೆಸ್ಟಿಯ ಬೆನ್ನಿಗೆ ದಿಂಬು, ಫೆಸ್ಟಿಯ ಮಾತ್ರೆ. ದೋಣಿಯ ತಳದ ಬಿರಡೆ ಹಾಕಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿದಳು. ಹುಟ್ಟು ಎಣಿಸಿದಳು, ಎರಡೇ ಇದ್ದರೂ. ತಾನು ಎಷ್ಟು ಅಚ್ಚುಕಟ್ಟು ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡು, ಹಗ್ಗ ಬಿಚ್ಚಿ, ಎಂಜಿನ್ನು ಎಳೆದು, ದೋಣಿ ಬಿಟ್ಟಳು.

ಬಯಲು ನೀರಿಗೆ ಬಂದ ಮೇಲೆ ಎಂಜಿನ್ನು ನಿಲ್ಲಿಸಿ, ದೋಣಿಯನ್ನು ಗಾಳಿಗೆ ಅಡ್ಡ ಬಿಟ್ಟು, ಇಬ್ಬರೂ ಉದ್ದನೆಯ ಕೋಲುಗಳನ್ನು ಎತ್ತಿ ಹಿಡಿದರು. ತೆಳುವಾದ ರೇಷ್ಮೆದಾರ ಗಾಳಿಗೆ ಉಬ್ಬಿಕೊಂಡು ಮುಂದೆ ಹಾರಿತು. ಅದರ ತುದಿಯಲ್ಲಿ ಗಾಳಕ್ಕೆ ಚುಚ್ಚಿದ ಜೋಡಿ ನೊಣ ಅಲೆಯಿಂದ ಅಲೆಗೆ ಕುಪ್ಪಳಿಸುತ್ತ ಹೋಯಿತು. ಹಾಗೆ ನೊಣವನ್ನು ನೀರಿನ ಮೇಲೆ ಕುಣಿಸುತ್ತ ಕೂರುವುದು, ಅಷ್ಟೇ. ಮೀನು ಬಾಯಿ ಹಾಕಿದ ಕೂಡಲೇ ಎಳೆಯಬಾರದು. ಅದು ನೊಣ ನುಂಗಿ ಕೆಳಗೆ ತಿರುಗಬೇಕು. ಅಲ್ಲಿಯತನಕ ಮೇರಿ ಮಾತೆಯ ಜಪದ ಮೊದಲ ಸಾಲನ್ನು ನಿಧಾನವಾಗಿ ಹೇಳಿ ಮುಗಿಸಬೇಕೆಂದು ಅಪ್ಪ ಕಲಿಸಿದ್ದ. ಫೆಸ್ಟಿ ಪೂರ್ತಿ ಹೇಳುತ್ತಿದ್ದ. ಡಿಂಪ್ನಾ ಮಾತೆಯ ಹೆಸರು ಬರುವುದರೊಳಗೇ ಎಳೆದುಬಿಡುತ್ತಿದ್ದಳು.

ಆ ಬೆಳಿಗ್ಗೆಯೂ ಹಾಗೆಯೇ ಎರಡು ಟ್ರೌಟ್ ಕಳೆದಳು. ಮೂರನೆಯದು ಅವಳಿಗಿಂತ ಅವಸರದ್ದು, ಗೇಣುದ್ದದ ಮರಿ. ಕೈಯಲ್ಲೇ ಬಿಡಿಸಿ ನೀರಿಗೆ ಬಿಟ್ಟಳು.

"ದೇವರಿಗೆ ನಿನ್ನ ಜಪ ಅರ್ಧವೇ ತಲಪ್ತಾ ಇದೆ" ಎಂದ ಫೆಸ್ಟಿ.

"ನಾನು ಚಿಕ್ಕದಾಗಿ ಹೇಳ್ಕೋತೀನಿ. ಅಂಚೆಯವಳು, ತಂತಿ ಕೊಟ್ಟು ಅಭ್ಯಾಸ."

ಕರುಗಳ ದ್ವೀಪವೆಂಬ ಪುಟ್ಟ ನಡುಗಡ್ಡೆ ಹತ್ತಿರವಾಗುತ್ತಿತ್ತು. ಅಲ್ಲಿಳಿದು ಚಹಾ ಕಾಯಿಸೋಣವೆಂದು ಡಿಂಪ್ನಾ ಹೇಳಬೇಕೆಂದಿದ್ದಾಗ ಫೆಸ್ಟಿಯ ನೊಣದ ಕೆಳಗೆ ನೀರು ಉಬ್ಬಿತು. ಕೊಡದ ಬಾಯಷ್ಟು ದೊಡ್ಡ ಸುಳಿಯೊಂದು ತಿರುಗಿ ಮುಚ್ಚಿಕೊಂಡಿತು. ನೊಣ ಇರಲಿಲ್ಲ. ಫೆಸ್ಟಿಯ ತುಟಿ ಅಲುಗಾಡುತ್ತಿತ್ತು. ಒಂದೊಂದು ಪದ, ಮೆಲ್ಲಗೆ, ಕೊನೆಯವರೆಗೆ. ಡಿಂಪ್ನಾ ಮೂರು ಸಲ ಮನಸ್ಸಿನಲ್ಲೇ ಎಳೆದುಬಿಟ್ಟಳು. ಆಮೇಲೆ ಫೆಸ್ಟಿ ಕೋಲೆತ್ತಿದ. ಕೋಲು ಬಾಗಿತು, ರೀಲು ಕಿರುಗುಟ್ಟುತ್ತ ಬಿಚ್ಚಿಕೊಂಡಿತು, ಮೀನು ಆಳಕ್ಕೆ ಹೊರಟಿತು.

ಡಿಂಪ್ನಾ ಮರುಮಾತಿಲ್ಲದೆ ತನ್ನ ದಾರ ಸುತ್ತಿಟ್ಟಳು. ಕೈಗಳನ್ನು ತೊಡೆಗೆ ಒರೆಸಿಕೊಂಡು ಕೂತಳು. ಹತ್ತು ನಿಮಿಷ, ಹದಿನೈದು. ಫೆಸ್ಟಿ ಎಡಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡೇ ರೀಲು ತಿರುಗಿಸುತ್ತಿದ್ದ, ಹಣೆಯಲ್ಲಿ ಬೆವರು. ಮೀನು ಎರಡು ಸಲ ದೋಣಿಯಡಿ ನುಗ್ಗಿತು, ಎರಡು ಸಲ ಹೊರಬಂತು. ಮುಖ ಕಾಣಿಸಲಿಲ್ಲ.

"ಸಾಲ್ಮನ್" ಎಂದ ಫೆಸ್ಟಿ. "ಭಾರ ನೋಡಿದ್ರೆ ಗೊತ್ತಾಗುತ್ತೆ."

ಆಮೇಲೆ, ತಲೆ ತಿರುಗಿಸದೆ, ದಿನಾ ಹೇಳುವ ಮಾತಿನ ಹಾಗೆ ಹೇಳಿದ.

"ಡಿಂಪ್ನಾ, ಬಲೆ."

ಹನ್ನೊಂದು ವರ್ಷ ಕಾದ ಮಾತು. ಅದು ಬಂದಾಗ ತಾನು ಎಷ್ಟು ಶಾಂತವಾಗಿ ಕೈಚಾಚಿ ಬಲೆ ಎತ್ತಿಕೊಳ್ಳುತ್ತೇನೆಂದು ಅವಳು ಎಷ್ಟೋ ರಾತ್ರಿ ಯೋಚಿಸಿದ್ದಳು. ಶಾಂತವಾಗಿಯೇ ಕೈಚಾಚಿದಳು. ಕೈಗೆ ಕೆಟಲ್ ಸಿಕ್ಕಿತು. ಇನ್ನೊಂದು ಪಕ್ಕಕ್ಕೆ ಚಾಚಿದಳು, ದಿಂಬು. ಹಲಗೆಯಡಿ ಬಗ್ಗಿ ನೋಡಿದಳು. ಬಿರಡೆ ಇತ್ತು, ಅಚ್ಚುಕಟ್ಟಾಗಿ ಇತ್ತು. ಬಗ್ಗಿದಲ್ಲೇ ಅವಳಿಗೆ ದೋಣಿಮನೆಯ ಗೋಡೆ ಕಣ್ಣಿಗೆ ಕಟ್ಟಿತು, ಗೋಡೆಯ ಮೇಲೆ ಮೊಳೆ, ಮೊಳೆಯ ಮೇಲೆ ಬಲೆ. ಇನ್ನು ಸ್ವಲ್ಪ ಹೊತ್ತು ಹೀಗೇ ಬಗ್ಗಿಕೊಂಡಿದ್ದರೆ ಮೀನು ತಾನಾಗಿ ತಪ್ಪಿಸಿಕೊಳ್ಳಬಹುದು, ಆಗ ಹೇಳಬೇಕಾಗಿಯೇ ಬರುವುದಿಲ್ಲ ಎಂದು ಒಂದು ಯೋಚನೆ ಬಂತು. ಅಂಥ ಯೋಚನೆ ಬಂದ ತಲೆಯನ್ನು ಅವಳು ನಿಧಾನವಾಗಿ ಮೇಲೆತ್ತಿದಳು.

"ಫೆಸ್ಟಿ" ಎಂದಳು. "ಬಲೆ ಇಲ್ಲ."

"ಇಲ್ಲ ಅಂದ್ರೆ?"

"ದೋಣಿಮನೆ ಗೋಡೆ ಮೇಲಿದೆ. ವಾರ್ನಿಷ್ ಒಣಗ್ತಾ ಇದೆ."

ಫೆಸ್ಟಿ ಮೀನಿಗೆ ಎರಡು ಗಜ ದಾರ ಬಿಟ್ಟ, ಮತ್ತೆ ಎಳೆದುಕೊಂಡ.

"ಇಷ್ಟೊತ್ತಿಗೆ ಚೆನ್ನಾಗಿ ಒಣಗಿರಬೇಕು" ಎಂದ.

"ನೀನಾದ್ರೂ ನೋಡಬಾರದಿತ್ತಾ, ನಿನ್ನ ಕಾಲ ಹತ್ರ ಇಲ್ಲ ಅಂತ?"

"ನೋಡಿದೆ. ನಿನ್ನ ಕಾಲ ಹತ್ರ ಇಟ್ಕೊಂಡಿದ್ದೀಯ ಅಂದ್ಕೊಂಡೆ."

"ಕೇಳಬಾರದಿತ್ತಾ?"

"ಬಲೆ ಬಗ್ಗೆ ನಾವು ಮಾತಾಡಲ್ವಲ್ಲ" ಎಂದ ಫೆಸ್ಟಿ.

ಅದು ನಿಜವಾದ್ದರಿಂದ ಡಿಂಪ್ನಾ ಬೇರೆ ಕಡೆ ನೋಡಿದಳು. ಅರ್ಧ ಮೈಲಿ ದೂರದಲ್ಲಿ ಒಂದು ಹಸಿರು ದೋಣಿ ಕಾಣಿಸುತ್ತಿತ್ತು.

"ಅದು ಪಬ್ಬಿನ ಕೋಲ್ಮನ್. ಅವನ ಹತ್ರ ಬಲೆ ಇರುತ್ತೆ. ಕೂಗ್ಲಾ?"

"ಕೂಗಿದ್ರೆ ನಿನ್ನನ್ನ ಎತ್ತಿ ನೀರಿಗೆ ಹಾಕ್ತೀನಿ. ಒಂದೇ ಕೈ ಸಾಕು. ಹುಟ್ಟು ತಗೋ. ದ್ವೀಪಕ್ಕೆ ಹೋಗೋಣ. ಅಪ್ಪನ ಕಾಲದ ಹಾಗೆ ದಡಕ್ಕೆ ಎಳೀತೀನಿ, ನೀನು ಕೈಯಲ್ಲಿ ಹಿಡಿ."

ಅವಳು ಹುಟ್ಟು ಹಾಕಿದಳು. ಮೀನು ಹಿಂದೆ, ದೋಣಿ ಮುಂದೆ, ಸಾಕುನಾಯಿಯನ್ನು ತಿರುಗಾಡಿಸುವವರ ಹಾಗೆ ನಿಧಾನವಾಗಿ ದ್ವೀಪದ ಕಲ್ಲುಹರಳಿನ ದಡಕ್ಕೆ ಬಂದರು. ಫೆಸ್ಟಿ ಕೋಲು ಎತ್ತಿ ಹಿಡಿದೇ ಇಳಿದು ಹಿಂದೆ ಹಿಂದೆ ಹೆಜ್ಜೆ ಹಾಕಿದ. ಡಿಂಪ್ನಾ ಬೂಟು ಹಾಕಿಕೊಂಡೇ ನೀರಿಗಿಳಿದಳು. ಮೇ ತಿಂಗಳೆಂದು ಕ್ಯಾಲೆಂಡರಿನಲ್ಲಿ ಇದ್ದರೂ ನೀರಿಗೆ ಇನ್ನೂ ಆ ಸುದ್ದಿ ಮುಟ್ಟಿರಲಿಲ್ಲ. ಮಂಡಿ ದಾಟಿತು, ಬೂಟು ತುಂಬಿತು, ತೊಡೆ ಮುಟ್ಟಿತು. ಮೀನಿನ ಆಚೆಗೆ ಸುತ್ತಿ ಹೋಗಿ, ಅದಕ್ಕೂ ಆಳದ ನೀರಿಗೂ ನಡುವೆ ನಿಂತಳು.

"ಅಲ್ಲೇ ಇರು" ಎಂದ ಫೆಸ್ಟಿ. "ನಾನು ಹೇಳೋ ತನಕ ಅಲುಗಾಡಬೇಡ."

ಅವಳು ಅಲುಗಾಡಲಿಲ್ಲ. ಇದನ್ನು ಮಾತ್ರ ಆಮೇಲೆ ಅವಳು ಎದೆ ತಟ್ಟಿ ಹೇಳಿಕೊಳ್ಳಬಹುದಿತ್ತು. ಕಾಲಿನ ಅರಿವು ಹೋಯಿತು, ಹಲ್ಲು ಕಟಕಟ ಎಂದಿತು, ಮೂಗು ಸೋರಿತು, ಒರೆಸಿಕೊಳ್ಳಲಿಲ್ಲ. ಮೀನು ಮೂರು ಸಲ ದಡದ ಹತ್ತಿರ ಬಂದು ಮೂರು ಸಲ ಹಿಂತಿರುಗಿತು. ಒಮ್ಮೆ ಅವಳ ಕಾಲಿಗೆ ಉಜ್ಜಿಕೊಂಡೇ ಹೋಯಿತು, ಬೆಕ್ಕಿನ ಹಾಗೆ. ಕೈ ತುಡಿಯಿತು. ಡಿಂಪ್ನಾ ಮೇರಿ ಮಾತೆಯ ಜಪವನ್ನು ಪೂರ್ತಿ ಹೇಳಿದಳು, ತಂತಿಯಲ್ಲಿ ಅಲ್ಲ, ಕಾಗದದಲ್ಲಿ ಬರೆದಂತೆ. ಎರಡು ಸಲ ಹೇಳಿದಳು. ನಾಲ್ಕನೆಯ ಸಲ ಮೀನು ಹರಳಿನ ಮೇಲೆ, ಮಂಡಿಯುದ್ದ ನೀರಿನಲ್ಲಿ, ಪಕ್ಕಕ್ಕೆ ವಾಲಿತು.

"ಈಗ" ಎಂದ ಫೆಸ್ಟಿ. "ಬಾಲದ ಬುಡ ಗಟ್ಟಿ ಹಿಡಿ."

ಸಾಲ್ಮನ್ನಿನ ಬಾಲದ ಬುಡ ಗಟ್ಟಿ, ಮಣಿಕಟ್ಟಿನ ಹಾಗೆ ಹಿಡಿತಕ್ಕೆ ಸಿಕ್ಕುತ್ತದೆ. ಟ್ರೌಟಿನದು ಬೀಸಣಿಗೆ ಮಡಿಸಿದಂತೆ ಮುಚ್ಚಿಕೊಂಡು ಜಾರಿಬಿಡುತ್ತದೆ. ಆ ನೀರಿನ ಮೇಲೆ ಹುಟ್ಟಿದವರಿಗೆಲ್ಲ ಇದು ಗೊತ್ತು. ಮೂವತ್ತನಾಲ್ಕು ವರ್ಷ ವಿಳಾಸ ಓದಿದವಳು ಕೈಹಾಕುವ ಮುಂಚೆ ಒಮ್ಮೆ ಮೀನಿನ ಬೆನ್ನು ಓದಬಹುದಿತ್ತು. ಕಂದು ಬೆನ್ನು, ಕರಿಯ ಚುಕ್ಕೆ, ಬೆಣ್ಣೆಯ ಬಣ್ಣದ ಹೊಟ್ಟೆ. ಅವಳು ಬಾಗಿ ಬಾಲದ ಬುಡ ಹಿಡಿದು, ಸಾಲ್ಮನ್ನನ್ನು ಎತ್ತುವ ಹಾಗೆ ಜಂಬದಿಂದ ಎತ್ತಿದಳು.

ಬೀಸಣಿಗೆ ಮಡಿಸಿಕೊಂಡಿತು.

ಮೀನು ಬಿದ್ದ ರಭಸಕ್ಕೆ ಗಾಳ ಬಿಟ್ಟುಕೊಂಡಿತು. ದಾರ ಸಡಿಲಾಗಿ ಗಾಳಿಯಲ್ಲಿ ತೇಲಿತು. ಮೀನು ಒಂದು ಕ್ಷಣ ದಿಕ್ಕು ತೋಚದೆ ಬಿದ್ದಿದ್ದು, ಆಳದ ಕಡೆಗೆ ಮೂತಿ ತಿರುಗಿಸಿತು. ನಡುವೆ ಇದ್ದದ್ದು ಡಿಂಪ್ನಾ ಒಬ್ಬಳೇ. ಬಗ್ಗಿ ಹಿಡಿಯಲು ಕೈಗೆ ಅರಿವಿರಲಿಲ್ಲ, ಓಡಲು ಕಾಲಿರಲಿಲ್ಲ. ಅಪ್ಪ ಕಲಿಸಿದ್ದು, ಬಚ್ಚಲುಮನೆಯಲ್ಲಿ ಕಲಿತದ್ದು, ಯಾವುದೂ ಆ ಗಳಿಗೆಗೆ ಬರಲಿಲ್ಲ. ಅವಳು ಕೂತುಬಿಟ್ಟಳು.

ಅಲೆ ಎದ್ದು ದಡಕ್ಕೆ ಬಡಿಯಿತು. ಎದೆಯವರೆಗಿನ ನೀರಿನಲ್ಲಿ, ತಲೆಯ ಟೋಪಿ ಓರೆಯಾಗಿ, ಡಿಂಪ್ನಾ ಮಳೆಕೋಟನ್ನು ಸುತ್ತ ಹರಡಿಕೊಂಡು ಕಾವಿಗೆ ಕೂತ ಕೋಳಿಯಂತೆ ಕೂತಿದ್ದಳು.

ಫೆಸ್ಟಿ ಖಾಲಿ ದಾರವನ್ನು ನೋಡಿದ. ಅಕ್ಕನನ್ನು ನೋಡಿದ.

"ಹೋಯ್ತಾ?"

"ಇಲ್ಲ" ಎಂದಳು ಡಿಂಪ್ನಾ. "ನನ್ನ ಕೆಳಗಿದೆ. ಅಲುಗಾಡ್ತಾ ಇದೆ."

"ಏಳಬೇಡ."

"ಏಳೋ ಯೋಚನೆ ಇಲ್ಲ."

ಫೆಸ್ಟಿ ಕೋಲನ್ನು ದಡದಲ್ಲಿ ಎಸೆದು ಬಂದು, ಬಲಗೈಯನ್ನು ಭುಜದವರೆಗೆ ನೀರಿಗೆ ಹಾಕಿ ಮಳೆಕೋಟಿನಡಿ ತಡಕಾಡಿದ. "ಅದು ನನ್ನ ಬೂಟು" ಎಂದಳು ಅವಳು. "ಅದೂ ಬೂಟೇ. ಸ್ವಲ್ಪ ಎಡಕ್ಕೆ." ಕೊನೆಗೆ ಕಿವಿರಿಗೆ ಬೆರಳು ಸಿಕ್ಕಿಸಿ ಎಳೆದು ತೆಗೆದಾಗ ಇಬ್ಬರೂ ನೋಡಿದರು. ಟ್ರೌಟ್. ಏಳು ಪೌಂಡಿಗೆ ಕಡಿಮೆಯಿಲ್ಲ. ಅಪ್ಪ ಸತ್ತ ಮೇಲೆ ಆ ದೋಣಿಗೆ ಬಂದ ಅತಿ ದೊಡ್ಡ ಟ್ರೌಟ್.

"ಸಾಲ್ಮನ್ ಅಂದ್ಯಲ್ಲ" ಎಂದಳು ಡಿಂಪ್ನಾ.

"ನೀನು ಅದರ ಮೇಲೆ ಕೂತಿದ್ದೆ. ಗೊತ್ತಾಗಬೇಕಾಗಿದ್ದು ನಿಂಗೆ."

ಅಷ್ಟರಲ್ಲಿ ಎಂಜಿನ್ನಿನ ಸದ್ದು ಕೇಳಿಸಿತು. ಹಸಿರು ದೋಣಿ ದ್ವೀಪದ ಮೂಲೆ ಸುತ್ತಿ ಬಂದು ನಿಂತಿತು. ಕೋಲ್ಮನ್ ಎದ್ದು ನಿಂತು ಹುಬ್ಬಿಗೆ ಕೈಯಿಟ್ಟು ನೋಡಿದ. ಊರಿನ ಸುದ್ದಿಯೆಲ್ಲ ಬಿಯರಿನ ನೊರೆಯ ಜೊತೆ ಬಡಿಸುವುದು ಅವನ ಕಸುಬು.

"ಏನು ಪೋಸ್ಟ್‌ಮಾಸ್ಟರಮ್ಮ, ಈಜು ಕಲೀತಿದ್ದೀರಾ?"

"ಕಾಲು ಜಾರಿದ್ಲು" ಎಂದು ಫೆಸ್ಟಿ ಕೂಗಿದ, ಮೀನು ಎತ್ತಿ ತೋರಿಸುತ್ತ. "ಬಲೆ ಹಾಕೋವಾಗ. ಚೆನ್ನಾಗಿ ಹಾಕಿದ್ಲು."

ಡಿಂಪ್ನಾ ಇನ್ನೂ ನೀರಿನಲ್ಲೇ ಕೂತಿದ್ದಳು. ಫೆಸ್ಟಿಯ ಮಾತಿನ ಗುರುತು ಅವಳಿಗೆ ಸಿಕ್ಕಿತು. ಅದೇ ದನಿ, ಅದೇ ಸುಳ್ಳು. ಗಾಳ ಸರಿಯಾಗಿ ಕಚ್ಚಿರಲಿಲ್ಲ, ಬಿಟ್ಟುಕೊಂಡಿತು. ಇದಕ್ಕೂ ತಲೆಯಾಡಿಸಿದರೆ ಇನ್ನು ಹನ್ನೊಂದು ವರ್ಷ, ಅಷ್ಟು ವರ್ಷ ತನ್ನ ಹತ್ತಿರ ಇಲ್ಲ ಎನ್ನಿಸಿತು. ಮೊದಲೇ ಚಳಿ.

"ಬಲೆಯೇ ತಂದಿಲ್ಲ ಕೋಲ್ಮನ್" ಎಂದಳು ಗಟ್ಟಿಯಾಗಿ. "ನಾನು ಮರೆತು ಬಂದೆ. ಮೀನಿನ ಮೇಲೆ ಕೂತು ಹಿಡಿದೆ. ಇನ್ನೊಂದು ಕೇಳಿಸ್ಕೋ. ಹನ್ನೊಂದು ವರ್ಷದ ಹಿಂದೆ ಇವನ ಸಾಲ್ಮನ್ ಹೋಯ್ತಲ್ಲ, ಅದು ಗಾಳ ಬಿಟ್ಕೊಂಡು ಹೋಗಿದ್ದಲ್ಲ. ನಾನು ಕಣ್ಣು ಮುಚ್ಕೊಂಡು ಬಲೆ ಬೀಸಿ ದಾರಕ್ಕೆ ಹೊಡೆದೆ. ಹದಿನಾಲ್ಕು ಪೌಂಡು ಇತ್ತು. ಆರಲ್ಲ."

ಕೋಲ್ಮನ್ ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಗಾಳ ಹಾಕುವುದನ್ನು ಬಿಟ್ಟು ನೇರ ದಡದ ಕಡೆಗೆ ಎಂಜಿನ್ನು ತಿರುಗಿಸಿದ. ಪಬ್ಬು ತೆರೆಯುವ ಹೊತ್ತಾಗಿರಲಿಲ್ಲ.

"ಹನ್ನೊಂದು ವರ್ಷ ಜೋಪಾನವಾಗಿ ಇಟ್ಟಿದ್ದೆ" ಎಂದ ಫೆಸ್ಟಿ, ಅವಳಿಗೆ ಕೈಕೊಟ್ಟು ಎಬ್ಬಿಸುತ್ತ. "ಹೋಗಿ ಹೋಗಿ ಕೋಲ್ಮನ್ ಕೈಲಿ ಕೊಟ್ಟೆಯಲ್ಲ ಮಾರಾಯ್ತಿ."

ಪುರಳೆ ಹೊತ್ತಿಸಿ ಕೆಟಲಿಗೆ ಬೆಂಕಿ ಕೊಟ್ಟರು. ಡಿಂಪ್ನಾ ಬೂಟು ಬೋರಲು ಹಾಕಿ, ಫೆಸ್ಟಿಯ ಕೋಟು ಹೊದ್ದು, ಮೊಟ್ಟೆ ಸುಲಿಯುತ್ತ ಕೂತಳು. ಸಿಪ್ಪೆಯ ಜೊತೆ ಅರ್ಧ ಮೊಟ್ಟೆಯೂ ಹೋಯಿತು.

"ಬಲೆ ಯಾಕೆ ಎತ್ತಿಟ್ಟೆ ನನ್ನಿಂದ?" ಎಂದು ಕೇಳಿದಳು. ಒದ್ದೆಯಾದ ಮೇಲೆ ಕೇಳುವುದು ಸುಲಭವಾಗಿತ್ತು. "ಅಷ್ಟೊಂದು ಸಿಟ್ಟಾ?"

ಫೆಸ್ಟಿ ಚಹಾ ಊದಿದ.

"ಆ ದಿನ ನಿನ್ನ ಮುಖ ನೋಡಿದ್ದೆ. ಇನ್ನು ಈ ಬಲೆ ಕಣ್ಣಿಗೆ ಬಿದ್ದಾಗೆಲ್ಲ ನೊಂದ್ಕೋತೀಯ ಅಂತ ಈ ಕಡೆ ಇಟ್ಕೊಂಡೆ. ಅರ್ಧ ಅದು."

"ಇನ್ನರ್ಧ?"

"ಸಿಟ್ಟು. ಹದಿನಾಲ್ಕು ಪೌಂಡು ಕಣೇ."

ಅವಳು ಆ ಎರಡು ಅರ್ಧಗಳನ್ನೂ ಮನಸ್ಸಿನಲ್ಲೇ ತೂಗಿ ನೋಡಿದಳು. ಸರಿಯಾಗಿಯೇ ಇದ್ದವು. ಸಿಟ್ಟಿಲ್ಲ ಎಂದಿದ್ದರೆ ಅವಳು ನಂಬುತ್ತಿರಲಿಲ್ಲ.

"ನೀನೂ ಹೇಳಬಹುದಿತ್ತಲ್ಲ, ಬಲೆ ಕೊಡು ಅಂತ" ಎಂದ ಅವನು.

"ನೀನು ಕೇಳ್ಲಿ ಅಂತ ಕಾಯ್ತಾ ಇದ್ದೆ."

"ಕಾಯಬಾರದ ಕಡೆಯೆಲ್ಲ ಕಾಯ್ತೀಯ ನೀನು. ಉಪ್ಪು ಕೊಡು."

ಮಧ್ಯಾಹ್ನ ಕಳೆದು ದಡಕ್ಕೆ ಬಂದಾಗ ಬಲೆ ಮೊಳೆಯಲ್ಲೇ ಇತ್ತು. ದೂರದಿಂದ ಅದರ ಹಿಡಿಗೆ ತುಪ್ಪಳ ಬಂದಂತೆ ಕಾಣುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಮೇ-ನೊಣಗಳು. ಬೆಳಿಗ್ಗೆಯಿಂದ ಗಾಳಿಯಲ್ಲಿ ಹಾರಿ ಬಂದವೆಲ್ಲ ಹಸಿ ವಾರ್ನಿಷ್ಷಿಗೆ ಅಂಟಿಕೊಂಡು, ಅದರೊಂದಿಗೇ ಒಣಗಿದ್ದವು. ನೂರಕ್ಕೆ ಕಡಿಮೆಯಿಲ್ಲ. ದಿನವಿಡೀ ಇಬ್ಬರ ಗಾಳಕ್ಕೂ ಬೇಕಾದ ನೊಣಗಳಿಗಿಂತ ಹೆಚ್ಚನ್ನು ಆ ಬಲೆ ಒಂದೇ, ಯಾರ ಸಹಾಯವೂ ಇಲ್ಲದೆ, ಗೋಡೆಯ ಮೇಲೆ ಕೂತು ಹಿಡಿದಿತ್ತು.

ಫೆಸ್ಟಿ ಅದನ್ನು ಮೊಳೆಯಿಂದ ಇಳಿಸಿದ. ಹೊಲಿದ ಕಣ್ಣುಗಳನ್ನು ಬೆರಳಿನಿಂದ ಎಳೆದು ನೋಡಿದ. ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಮುಖದಲ್ಲಿ ನಗುವಿರಲಿಲ್ಲ, ಆದರೆ ಒಳ್ಳೆಯ ಕೈಯ ಭುಜ ಅಲುಗಾಡುತ್ತಿತ್ತು.

"ಹೊಳೀತಾ ಇದೆ" ಎಂದ.

"ಕೆರೆದು ಹಾಕ್ತೀನಿ" ಎಂದಳು ಡಿಂಪ್ನಾ.

"ಬೇಡ. ಇರಲಿ. ಹಿಡಿತ ಚೆನ್ನಾಗಿ ಸಿಗುತ್ತೆ." ಬಲೆಯನ್ನು ಅವಳ ಕೈಗೆ ಕೊಟ್ಟ. "ನಾಳೆ ಹತ್ತಕ್ಕೆ. ಇದು ನಿನ್ನ ಕಡೆಗೇ ಇರಲಿ."

ಅವಳು ಬಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕಾರಿನ ಹತ್ತಿರ ನಡೆದಳು, ಒದ್ದೆ ಬೂಟು ಪಚಪಚ ಎನ್ನುತ್ತಿತ್ತು. ಹಿಂದಿನ ಸೀಟಿನಲ್ಲಿ ಇಡಲು ಮನಸ್ಸು ಬಾರದೆ ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದಳು. ಫೆಸ್ಟಿ ಟ್ರೌಟನ್ನು ಹಗ್ಗದಲ್ಲಿ ತೂಗುಹಾಕಿಕೊಂಡು ಬಂದು ಕಿಟಕಿಯಲ್ಲಿ ಬಗ್ಗಿದ.

"ಡಿಂಪ್ನಾ."

"ಏನು?"

"ಆ ಕೆಂಪು ಚೀಲಾನೂ ಬೆಚ್ಚಗೆ ಇಟ್ಕೋ ಇವತ್ತು ರಾತ್ರಿ. ಪಾಪ, ಏಪ್ರಿಲ್ ಪೂರ್ತಿ ತುಂಬಾ ಓಡಾಡಿದೆ."

ನೊರೀನ್ ಬಾಯಿ ಬಿಡುವ ಪೈಕಿ ಅಲ್ಲ ಎಂದುಕೊಂಡಿದ್ದು ನೆನಪಾಯಿತು. ಅಂದರೆ ಅವನಿಗೆ ಏಪ್ರಿಲಿನಿಂದಲೇ ಗೊತ್ತು. ಅಂದರೆ ಇವತ್ತು "ಬಲೆ" ಎಂದದ್ದು ಕೆಟ್ಟ ಭುಜದ ಕಾರಣಕ್ಕಷ್ಟೇ ಅಲ್ಲ. ಡಿಂಪ್ನಾ ಕಿಟಕಿಯಿಂದ ತಲೆ ಹೊರಹಾಕಿ ನೋಡಿದಳು. ಫೆಸ್ಟಿ ಆಗಲೇ ಮೀನು ಬೀಸಿಕೊಂಡು ಹೊರಟುಬಿಟ್ಟಿದ್ದ, ಊರ ದಾರಿಯಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಪಬ್ಬಿನ ಕಡೆಗೆ.